ತರಬೇತಿಗೆ ದುಡ್ಡು ಎಲ್ಲಿಂದ? ಪುಟ್ಟ ಮಕ್ಕಳ ಟೀಚರ್‌ಗಳಿಗೂ ಕೇಂದ್ರ ನಡೆಸುವವರಿಗೂ ಒಂದು ಮಾರ್ಗದರ್ಶಿ

ಎರಡೂವರೆ ವರ್ಷದ ಮಗುವೊಂದು ದಿನವೂ ಪಕ್ಕದ ಮಗುವನ್ನು ಕಚ್ಚುತ್ತಿದೆ. ಬೈದರೆ ಇನ್ನೂ ಜಾಸ್ತಿ ಆಗುತ್ತಿದೆ. ಇಂಥ ಮಕ್ಕಳನ್ನು ಹೇಗೆ ಸಂಭಾಳಿಸಬೇಕು ಅಂತ ಕಲಿಸುವ ತರಬೇತಿ ಇದೆ, ಟೀಚರ್‌ಗೆ ಅದು ಗೊತ್ತು. ಹೋಗುವ ಆಸೆಯೂ ಇದೆ. ಆದರೆ ಶುಲ್ಕ ಯಾರು ಕಟ್ಟಬೇಕು? ಆ ನಾಲ್ಕು ದಿನ ತರಗತಿ ಯಾರು ನೋಡಿಕೊಳ್ಳಬೇಕು? ಅಷ್ಟು ದಿನದ ಸಂಬಳ ಕೈತಪ್ಪಿದರೆ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಎಷ್ಟೋ ತರಬೇತಿಗಳು ಅರ್ಜಿ ಹಾಕುವ ಮೊದಲೇ ನಿಂತುಹೋಗುತ್ತವೆ.

ನಾನು ಮೊದಲು ಟೀಚರ್ ಆಗಿ ಕೆಲಸ ಮಾಡಿದವಳು. ಆಮೇಲೆ ಪುಟ್ಟ ಮಕ್ಕಳನ್ನು ನೋಡಿಕೊಂಡು ಕಲಿಸುವ ಒಂದು ಸಣ್ಣ ಕೇಂದ್ರದ ಲೆಕ್ಕಪತ್ರ ನೋಡಿಕೊಂಡವಳು. ಹಣ ಕೇಳುವ ಕುರ್ಚಿಯಲ್ಲೂ ಕೂತಿದ್ದೇನೆ, ‘ಹಣ ಇಲ್ಲ’ ಅಂತ ಹೇಳಬೇಕಾದ ಕುರ್ಚಿಯಲ್ಲೂ ಕೂತಿದ್ದೇನೆ. ಎರಡೂ ಕಡೆಯಿಂದ ನೋಡಿದಾಗ ನನಗೆ ಕಂಡದ್ದು ಒಂದೇ ಮಾತು. ತರಬೇತಿಯಲ್ಲಿ ಶುಲ್ಕ ಚಿಕ್ಕ ಖರ್ಚು, ಸಮಯ ದೊಡ್ಡ ಖರ್ಚು. ಶುಲ್ಕಕ್ಕೆ ಮಾತ್ರ ಹಣ ಹುಡುಕಿದರೆ ಉಳಿದದ್ದೆಲ್ಲ ಟೀಚರ್ ಜೇಬಿನಿಂದ ಹೋಗುತ್ತದೆ. ಅವರ ಸಂಬಳ ಹೆಚ್ಚಿನ ಕಡೆ ಮೊದಲೇ ಕಡಿಮೆ.

ಮೊದಲು, ಯಾವುದಕ್ಕೆ ತರಬೇತಿ ಅಂತ ಬರೆದುಕೊಳ್ಳಿ

ಹಣ ಕೊಡುವವರು ಯಾರೇ ಆಗಲಿ, ಮೊದಲು ಕೇಳುವುದು ‘ಯಾಕೆ?’ ಅಂತ. ‘ನನ್ನ ಬೆಳವಣಿಗೆಗೆ’ ಅನ್ನುವ ಉತ್ತರ ಯಾರನ್ನೂ ಒಪ್ಪಿಸುವುದಿಲ್ಲ. ಆದ್ದರಿಂದ ಎರಡು ವಾರ ನಿಮ್ಮದೇ ತರಗತಿಯನ್ನು ಗಮನಿಸಿ. ಒಂದು ಸಣ್ಣ ನೋಟ್‌ಬುಕ್ ಸಾಕು. ದಿನದ ಯಾವ ಹೊತ್ತಿನಲ್ಲಿ ಮಕ್ಕಳು ಹೆಚ್ಚು ಅಳುತ್ತಾರೆ? ಆಟದಿಂದ ಊಟಕ್ಕೆ, ಊಟದಿಂದ ನಿದ್ದೆಗೆ ಹೊರಳುವಾಗ ಗಲಾಟೆ ಆಗುತ್ತದೆಯೇ? ಮಾತು ತಡವಾದ ಮಗುವಿನ ಜೊತೆ ನೀವು ದಿನಕ್ಕೆ ಎಷ್ಟು ಸಲ ಮಾತಾಡಿದಿರಿ? ಕಥೆ ಹೇಳುವಾಗ ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ?

ಎರಡು ವಾರದ ಕೊನೆಗೆ ಒಂದು ವಾಕ್ಯ ನಿಮ್ಮ ಕೈಯಲ್ಲಿರುತ್ತದೆ. ‘ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮಕ್ಕಳನ್ನು ಶಾಂತವಾಗಿ ಕರೆದೊಯ್ಯುವುದನ್ನು ನಾನು ಕಲಿಯಬೇಕು.’ ಅರ್ಜಿಯಲ್ಲಿ ಇದಕ್ಕಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಆಮೇಲೆ ತರಬೇತಿಯನ್ನು ಆರಿಸಿ. ಇಲ್ಲಿ ನನಗೆ ಸ್ವಲ್ಪ ಹಟ ಇದೆ. ಒಂದೇ ದಿನದ ಕಾರ್ಯಾಗಾರಕ್ಕೆ ಹಣ ಸುರಿಯಬೇಡಿ. 2007ರಲ್ಲಿ ಯೂನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ನೋಡಿದರು. 14 ಗಂಟೆಗಿಂತ ಹೆಚ್ಚು ನಡೆದ ತರಬೇತಿಗಳಿಂದ ಮಕ್ಕಳ ಕಲಿಕೆಗೆ ಲಾಭ ಕಂಡಿತು. ಅದಕ್ಕಿಂತ ಚಿಕ್ಕವುಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಅದು ಪ್ರಾಥಮಿಕ ಶಾಲೆಯ ಟೀಚರ್‌ಗಳ ಲೆಕ್ಕ, ನಿಜ. ಆದರೂ ನಮ್ಮ ಅನುಭವವೂ ಅದನ್ನೇ ಹೇಳುತ್ತದೆ ಅಲ್ವಾ? ಒಂದು ದಿನ ಕೇಳಿ ಬಂದದ್ದು ಮುಂದಿನ ವಾರಕ್ಕೆ ಮರೆತಿರುತ್ತದೆ. 2018ರಲ್ಲಿ ಕ್ರಾಫ್ಟ್, ಬ್ಲೇಜರ್, ಹೋಗನ್ ಎಂಬ ಮೂವರು 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅನುಭವಿಗಳೊಬ್ಬರು ತರಗತಿಗೇ ಬಂದು ನೋಡಿ, ಜೊತೆಗೆ ಕೂತು ತಿದ್ದುವ ‘ಕೋಚಿಂಗ್’ ಇದ್ದಲ್ಲಿ ಪಾಠ ಮಾಡುವ ರೀತಿಯೇ ಸುಧಾರಿಸಿದ್ದು ಕಂಡಿತು. ಆದ್ದರಿಂದ ಎರಡು ತರಬೇತಿ ಮುಂದಿದ್ದರೆ, ತರಗತಿಗೆ ಬಂದು ನೋಡುವವರು ಇರುವುದನ್ನೇ ಆರಿಸಿ. ಶುಲ್ಕ ಜಾಸ್ತಿ ಇದ್ದರೂ ಪರವಾಗಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ವಿಚಾರಿಸಿ. ಆ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ? ಬೇರೆ ಕಡೆ ಕೆಲಸಕ್ಕೆ ಹೋದಾಗ ಅಥವಾ ಮುಂದೆ ಡಿಪ್ಲೊಮಾ ಮಾಡುವಾಗ ಆ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಚೆಂದದ ಕಾಗದ ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ. ನೇಮಕ ಮಾಡಿಕೊಳ್ಳುವವರನ್ನೇ ಕೇಳಿ, ಅವರ ಉತ್ತರವೇ ಸರಿಯಾದ ಉತ್ತರ.

ಈಗ ಪೂರ್ತಿ ಖರ್ಚು ಬರೆಯಿರಿ

ಇದೇ ಈ ಕೆಲಸದ ಬೆನ್ನೆಲುಬು. ಒಂದು ಹಾಳೆ ತೆಗೆದುಕೊಂಡು ಎಲ್ಲವನ್ನೂ ಬರೆಯಿರಿ. ನಾಚಿಕೆಪಟ್ಟು ಯಾವುದನ್ನೂ ಬಿಡಬೇಡಿ.

ಶುಲ್ಕ, ಪರೀಕ್ಷೆ ಮತ್ತು ಪ್ರಮಾಣಪತ್ರದ ಶುಲ್ಕ, ಪುಸ್ತಕ, ಹೋಗಿಬರುವ ಖರ್ಚು, ದೂರವಾದರೆ ಉಳಿಯುವ ಖರ್ಚು. ಆನ್‌ಲೈನ್ ಆದರೆ ಇಂಟರ್‌ನೆಟ್. ಸಂಜೆ ತರಗತಿಯಾದರೆ ನಿಮ್ಮ ಸ್ವಂತ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅದರ ಖರ್ಚು. ಕಲಿತದ್ದನ್ನು ತರಗತಿಯಲ್ಲಿ ಮಾಡಲು ಬೇಕಾಗುವ ಸಾಮಾನು. ಆಮೇಲೆ ಬರುವುದು ಬದಲಿ ಟೀಚರ್ ಸಂಬಳ. ಜನ ಹೆಚ್ಚಾಗಿ ಮರೆಯುವುದು ಇದನ್ನೇ.

ದೊಡ್ಡ ಮಕ್ಕಳ ಶಾಲೆಯಲ್ಲಿ ಒಬ್ಬ ಟೀಚರ್ ರಜೆ ಹಾಕಿದರೆ ಎರಡು ತರಗತಿ ಸೇರಿಸಿ ಕೂರಿಸಬಹುದು. ಲೆಕ್ಕ ಕೊಟ್ಟು ಕೂರಿಸಬಹುದು. ನಮ್ಮಲ್ಲಿ ಅದು ಆಗುವುದಿಲ್ಲ. ಇಷ್ಟು ಮಕ್ಕಳಿಗೆ ಇಷ್ಟು ದೊಡ್ಡವರು ಇರಲೇಬೇಕು ಎಂಬ ನಿಯಮ ಬಹಳ ಕಡೆ ಇದೆ. ನಿಯಮ ಇಲ್ಲದ ಕಡೆಯೂ ಎರಡು ವರ್ಷದ ಹನ್ನೆರಡು ಮಕ್ಕಳ ನಡುವೆ ಒಬ್ಬರೇ ನಿಂತು ನೋಡಿದವರಿಗೆ ಅದು ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಪುಟ್ಟ ಮಕ್ಕಳು ಹೊಸ ಮುಖ ಕಂಡರೆ ಅಳುತ್ತಾರೆ, ಊಟ ಬಿಡುತ್ತಾರೆ, ಮಲಗುವುದಿಲ್ಲ. ಆದ್ದರಿಂದ ಬದಲಿಗೆ ಬರುವವರು ಮಕ್ಕಳಿಗೆ ಗೊತ್ತಿರುವವರೇ ಆಗಬೇಕು. ತರಬೇತಿಗೆ ಮೊದಲೇ ಎರಡು ದಿನ ಅವರು ಬಂದು ಮಕ್ಕಳ ಜೊತೆ ಇರಬೇಕು. ಆ ಎರಡು ದಿನದ ಸಂಬಳವನ್ನೂ ಹಾಳೆಯಲ್ಲಿ ಬರೆಯಿರಿ.

ಒಂದು ಉದಾಹರಣೆ ನೋಡೋಣ. ಇದು ನಾನು ಸುಮ್ನೆ ಹಾಕಿದ ಅಂಕಿ, ನಿಮ್ಮ ಲೆಕ್ಕ ಬೇರೆ ಇರುತ್ತದೆ. ಆರು ದಿನದ ತರಬೇತಿಯ ಶುಲ್ಕ 100 ಅಂತ ಇಟ್ಟುಕೊಳ್ಳಿ. ಬದಲಿ ಟೀಚರ್‌ಗೆ ಎಂಟು ದಿನದ ಸಂಬಳ 120. ಹೋಗಿಬರಲು 30. ಪುಸ್ತಕ, ಸಾಮಾನಿಗೆ 20. ಪ್ರಮಾಣಪತ್ರಕ್ಕೆ 10. ತರಬೇತಿ ಕೊಟ್ಟವರು ಆಮೇಲೆ ಎರಡು ಸಲ ತರಗತಿಗೆ ಬಂದು ನೋಡಲು 40. ಒಟ್ಟು 320. ‘ಶುಲ್ಕ ಕೊಡಿಸಿ, ಉಳಿದದ್ದು ನೋಡಿಕೊಳ್ಳುತ್ತೇನೆ’ ಅಂತ ನೀವು ಹೇಳಿದರೆ 220ರ ಹೊರೆ ಯಾರಾದರೊಬ್ಬರ ಮೇಲೆ ಬಿದ್ದಂತೆ. ಅದು ನಿಮ್ಮ ಮೇಲೆ ಬೀಳಬಹುದು, ಇಲ್ಲವೇ ಎರಡು ತರಗತಿ ಒಬ್ಬರೇ ನೋಡಿಕೊಳ್ಳುವ ನಿಮ್ಮ ಗೆಳತಿಯ ಮೇಲೆ.

ನಾನು ಮೊದಲ ಸಲ ತರಬೇತಿಗೆ ಹೋದಾಗ ಹೀಗೇ ಆಯಿತು. ನಾನಿದ್ದ ಕೇಂದ್ರದವರು ಶುಲ್ಕ ಕಟ್ಟಿದರು, ರಜೆಯ ಸಂಬಳ ಹಿಡಿದರು. ನಾನು ಬರುವಷ್ಟರಲ್ಲಿ ಪಕ್ಕದ ತರಗತಿಯ ಟೀಚರ್ ಬಳಲಿ ಬೆಂಡಾಗಿದ್ದರು. ನಾನು ಕಲಿತು ಬಂದದ್ದನ್ನು ಹೇಳಲು ಹೋದರೆ ಕೇಳುವ ತಾಳ್ಮೆಯೇ ಅವರಿಗೆ ಉಳಿದಿರಲಿಲ್ಲ. ಅವರದು ತಪ್ಪಲ್ಲ. ಆ ಲೆಕ್ಕವನ್ನು ಯಾರೂ ಹಾಕಿರಲಿಲ್ಲ, ಅಷ್ಟೇ.

ಹಣ ಎಲ್ಲೆಲ್ಲಿ ಇದೆ

ಹುಡುಕುವುದಕ್ಕೆ ಒಂದು ಕ್ರಮ ಇದೆ. ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗಿ.

ಮೊದಲು ನೀವು ಕೆಲಸ ಮಾಡುವ ಕೇಂದ್ರ. ಬಜೆಟ್‌ನಲ್ಲಿ ತರಬೇತಿಗೆ ಅಂತ ಹಣ ಇದೆಯೇ ಎಂದು ಕೇಳಿ. ಕೆಲವು ಕಡೆ ಹಣ ಇರುತ್ತದೆ, ಯಾರೂ ಕೇಳದೆ ವರ್ಷ ಮುಗಿದುಹೋಗುತ್ತದೆ. ವರ್ಷದ ಬಜೆಟ್ ಬರೆಯುವ ತಿಂಗಳು ಯಾವುದು ಅಂತ ತಿಳಿದುಕೊಂಡು, ಅದಕ್ಕೆ ಎರಡು ತಿಂಗಳು ಮುಂಚೆಯೇ ಕೇಳಿ. ಬಜೆಟ್ ಮುಗಿದ ಮೇಲೆ ಒಳ್ಳೆಯ ಮನಸ್ಸಿನ ಮುಖ್ಯಸ್ಥರೂ ‘ಮುಂದಿನ ವರ್ಷ ನೋಡೋಣ’ ಅನ್ನಬೇಕಾಗುತ್ತದೆ.

ಎರಡನೆಯದು, ನಿಯಮವೇ ಕೇಳುವ ತರಬೇತಿ. ಪ್ರಥಮ ಚಿಕಿತ್ಸೆ, ಮಕ್ಕಳ ಸುರಕ್ಷತೆ ಇಂಥವು ಹಲವು ದೇಶಗಳಲ್ಲಿ ಕಡ್ಡಾಯ. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಇರುವ ಅಮೆರಿಕದ ಹೆಡ್ ಸ್ಟಾರ್ಟ್ ಕಾರ್ಯಕ್ರಮ 1965ರಲ್ಲಿ ಶುರುವಾದದ್ದು, ಅಲ್ಲಿನ ಈಗಿನ ನಿಯಮದಂತೆ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ 15 ಗಂಟೆ ತರಬೇತಿ ಆಗಬೇಕು. ಪರವಾನಗಿ ಉಳಿಸಿಕೊಳ್ಳಲು ಕೇಂದ್ರಕ್ಕೆ ಬೇಕಾದ ತರಬೇತಿ ಕೇಂದ್ರದ ಖರ್ಚು. ಅದಕ್ಕೆ ಟೀಚರ್ ದುಡ್ಡು ಹಾಕಬೇಕಾಗಿ ಬಂದರೆ ವಿನಯವಾಗಿಯೇ ಆದರೂ ಪ್ರಶ್ನೆ ಮಾಡಿ.

ಮೂರನೆಯದು ಸರ್ಕಾರ. ಇಲ್ಲಿ ಎರಡು ಬಗೆ. ಒಂದು, ಪುಟ್ಟ ಮಕ್ಕಳ ಶಿಕ್ಷಣದ ಇಲಾಖೆ ನೇರವಾಗಿ ನಡೆಸುವ ತರಬೇತಿ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಗನವಾಡಿ ಕಾರ್ಯಕರ್ತೆಯರಿಗೆ ಇಂಥದ್ದನ್ನು ಸೂಚಿಸಿದೆ. 12ನೇ ತರಗತಿ ಓದಿದವರಿಗೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ. ಕೆಲಸ ಬಿಡದೆ, ಡಿಟಿಎಚ್ ವಾಹಿನಿ, ಸ್ಮಾರ್ಟ್‌ಫೋನ್ ಮೂಲಕವೂ ಓದಬಹುದು ಅಂತ ನೀತಿ ಹೇಳುತ್ತದೆ. ಇನ್ನೊಂದು ಬಗೆ, ಯಾವ ಕೆಲಸದಲ್ಲಿರುವವರಿಗೂ ಸಿಗುವ ಕಲಿಕೆಯ ಹಣ. ಫ್ರಾನ್ಸ್‌ನಲ್ಲಿ ಪ್ರತಿ ಕೆಲಸಗಾರರ ಹೆಸರಿನಲ್ಲೂ ತರಬೇತಿಯ ಖಾತೆ ಇದೆ, ಕೆಲಸ ಬದಲಿಸಿದರೂ ಅದು ಅವರ ಜೊತೆಗೇ ಹೋಗುತ್ತದೆ. ಸಿಂಗಪುರದಲ್ಲಿ 25 ವರ್ಷ ತುಂಬಿದ ನಾಗರಿಕರಿಗೆ ಸ್ಕಿಲ್ಸ್‌ಫ್ಯೂಚರ್ ಎಂಬ ಯೋಜನೆಯಲ್ಲಿ ಹಣ ಸಿಗುತ್ತದೆ. ಇವುಗಳಲ್ಲಿ ‘ಬಾಲಶಿಕ್ಷಣ’ ಅನ್ನುವ ಪದವೇ ಇರುವುದಿಲ್ಲ. ಹಾಗಾಗಿ ನಮ್ಮವರು ಅತ್ತ ನೋಡುವುದೇ ಇಲ್ಲ. ಕಾರ್ಮಿಕ ಇಲಾಖೆ, ಕೌಶಲ್ಯ ಅಭಿವೃದ್ಧಿ ಇಲಾಖೆಯ ಯೋಜನೆಗಳನ್ನೂ ಒಮ್ಮೆ ಓದಿ ನೋಡಿ.

ಸಮಯಕ್ಕೆ ಹಣ ಹುಡುಕುವಾಗ ರಜೆಯ ಕಾನೂನು ನೆನಪಿರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲೇ ಸಂಬಳ ಸಹಿತ ಕಲಿಕೆಯ ರಜೆಗಾಗಿ 140ನೇ ಒಡಂಬಡಿಕೆ ಮಾಡಿತು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 5 ದಿನ ಇಂಥ ರಜೆ ಇದೆ. ನೀವಿರುವಲ್ಲಿ ಇಂಥ ಕಾನೂನು ಇದೆಯೇ ಎಂದು ನೋಡಿ.

ನಾಲ್ಕನೆಯದು ವಿದ್ಯಾರ್ಥಿವೇತನ. ಇದರಲ್ಲಿ ನನಗೆ ತುಂಬ ಇಷ್ಟವಾದ ಮಾದರಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1990ರಲ್ಲಿ ಶುರುವಾದ ‘ಟೀಚ್ ಅರ್ಲಿ ಚೈಲ್ಡ್‌ಹುಡ್’. ಆಮೇಲೆ ಅದು ಬೇರೆ ರಾಜ್ಯಗಳಿಗೂ ಹರಡಿತು. ಅಲ್ಲಿ ಖರ್ಚನ್ನು ಮೂವರು ಹಂಚಿಕೊಳ್ಳುತ್ತಾರೆ. ಹೆಚ್ಚಿನ ಪಾಲು ವಿದ್ಯಾರ್ಥಿವೇತನದ್ದು, ಸ್ವಲ್ಪ ಕೇಂದ್ರದ್ದು, ಸ್ವಲ್ಪ ಟೀಚರ್‌ದು. ಶುಲ್ಕ ಮತ್ತು ಪುಸ್ತಕದ ಜೊತೆಗೆ ಓಡಾಟಕ್ಕೂ ನೆರವು ಇದೆ, ಓದಲು ಬಿಡುವಿಗೂ ಹಣ ಇದೆ. ಓದು ಮುಗಿದರೆ ಬೋನಸ್ ಅಥವಾ ಸಂಬಳ ಏರಿಕೆ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಟೀಚರ್ ಒಪ್ಪಿದ ಅವಧಿಯವರೆಗೆ ಅದೇ ಕೇಂದ್ರದಲ್ಲಿ ಉಳಿಯುತ್ತಾರೆ. ಶುಲ್ಕ, ಸಮಯ, ಸಂಬಳ, ಉಳಿಯುವ ಮಾತು, ನಾಲ್ಕೂ ಒಂದೇ ಕಾಗದದಲ್ಲಿ ಇವೆ ನೋಡಿ. ಇಂಥ ಯೋಜನೆ ನಿಮ್ಮಲ್ಲಿ ಇಲ್ಲದಿದ್ದರೂ ಈ ಹಂಚಿಕೆಯನ್ನು ನಿಮ್ಮ ಕೇಂದ್ರದ ಮುಂದೆ ಇಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕೊನೆಗೆ ದಾನಿಗಳು: ಟ್ರಸ್ಟ್‌ಗಳು, ಕಂಪನಿಗಳ ಸಾಮಾಜಿಕ ನಿಧಿ, ಸೇವಾ ಸಂಘಗಳು. ಇವರು ಒಬ್ಬ ಟೀಚರ್‌ಗೆ ಕೊಡುವುದು ಕಡಿಮೆ. ಒಂದು ಗುಂಪಿಗೆ ಕೊಡುತ್ತಾರೆ. ಅಕ್ಕಪಕ್ಕದ ನಾಲ್ಕೈದು ಕೇಂದ್ರಗಳು ಸೇರಿ ಒಂದೇ ಅರ್ಜಿ ಹಾಕಿ. ತರಬೇತಿ ಕೊಡುವವರನ್ನು ನಿಮ್ಮ ಕಡೆಗೇ ಕರೆಸಿದರೆ ಹೋಗಿಬರುವ ಖರ್ಚೂ ಉಳಿಯುತ್ತದೆ. ಬದಲಿ ಟೀಚರ್ ಒಬ್ಬರನ್ನು ಎಲ್ಲ ಕೇಂದ್ರಗಳೂ ಸೇರಿ ಇಟ್ಟುಕೊಳ್ಳಬಹುದು. ಅವರು ವಾರಕ್ಕೊಂದು ಕೇಂದ್ರಕ್ಕೆ ಹೋಗುತ್ತಿದ್ದರೆ ಮಕ್ಕಳಿಗೂ ಪರಿಚಿತರಾಗುತ್ತಾರೆ. ದಾನಿಗಳಿಗೆ ಕಟ್ಟಡ, ಆಟಿಕೆ ಕೊಡುವುದು ಇಷ್ಟ, ಹೆಸರು ಬರೆಸಬಹುದು. ‘ಬದಲಿ ಟೀಚರ್ ಸಂಬಳ’ ಅಂದರೆ ಮುಖ ಚಿಕ್ಕದು ಮಾಡುತ್ತಾರೆ. ಆಗ ಅವರನ್ನು ಒಂದು ಬೆಳಗ್ಗೆ ತರಗತಿಗೆ ಕರೆಯಿರಿ. ಒಂದು ಗಂಟೆ ಕೂತು ನೋಡಲಿ. ಆಮೇಲೆ ಮಾತು ಸುಲಭ.

ಸಾಲದ ವಿಷಯ ಬೇಗ ಮುಗಿಸುತ್ತೇನೆ. ಸಂಬಳ ಏರುವ ಖಾತ್ರಿ ಬರವಣಿಗೆಯಲ್ಲಿ ಇಲ್ಲದಿದ್ದರೆ ತರಬೇತಿಗೆ ಸಾಲ ಮಾಡಬೇಡಿ.

ಅರ್ಜಿ ಬರೆಯುವಾಗ

ಒಂದು ಪುಟ ಸಾಕು. ಮೊದಲ ಸಾಲಿನಲ್ಲಿ ಮಕ್ಕಳು ಇರಲಿ, ಕೊನೆಯ ಸಾಲಿನಲ್ಲಿ ದಿನಾಂಕ ಇರಲಿ. ಕೇಂದ್ರದ ಮುಖ್ಯಸ್ಥರಿಗೆ ಹೀಗೆ ಬರೆಯಬಹುದು:

‘ಮೇಡಂ, ನನ್ನ ತರಗತಿಯಲ್ಲಿ 14 ಮಕ್ಕಳಿದ್ದಾರೆ. ಎರಡು ವಾರ ಬರೆದಿಟ್ಟು ನೋಡಿದೆ. ಆಟ ನಿಲ್ಲಿಸಿ ಊಟಕ್ಕೆ ಕೂರಿಸುವಾಗ ದಿನವೂ 20 ನಿಮಿಷ ಗಲಾಟೆಯಲ್ಲೇ ಹೋಗುತ್ತಿದೆ. ಇಬ್ಬರು ಮಕ್ಕಳು ಹೊಡೆಯುತ್ತಾರೆ. ಇದನ್ನು ನಿಭಾಯಿಸುವ 6 ದಿನದ ತರಬೇತಿ ಇದೆ. ಆಮೇಲೆ ಎರಡು ಸಲ ಅವರೇ ನಮ್ಮ ತರಗತಿಗೆ ಬಂದು ನೋಡುತ್ತಾರೆ. ಪೂರ್ತಿ ಖರ್ಚಿನ ಹಾಳೆ ಜೊತೆಗಿದೆ. ಶುಲ್ಕಕ್ಕೆ ವಿದ್ಯಾರ್ಥಿವೇತನ ಕೇಳಿದ್ದೇನೆ. ಕೇಂದ್ರದಿಂದ ಬದಲಿ ಟೀಚರ್ ಸಂಬಳ ಮತ್ತು ಆ ದಿನಗಳ ನನ್ನ ಸಂಬಳ ಕೇಳುತ್ತಿದ್ದೇನೆ. ಪುಸ್ತಕದ ಖರ್ಚು ನನ್ನದು. ಬಂದ ಮೇಲೆ ಉಳಿದ ಟೀಚರ್‌ಗಳಿಗೆ ಮೂರು ಶನಿವಾರ ಒಂದೊಂದು ಗಂಟೆ ತೋರಿಸಿಕೊಡುತ್ತೇನೆ. ಹೆಸರು ಕೊಡಲು ಕೊನೆಯ ದಿನ ಇದೇ 25. ನಿಮ್ಮ ಉತ್ತರ 18ರ ಒಳಗೆ ಸಿಕ್ಕರೆ ಅನುಕೂಲ.’

ಈ ಪತ್ರ ಬರೀ ಕೇಳುವ ಪತ್ರವಲ್ಲ. ಯಾರು ಏನು ಕೊಡುತ್ತಾರೆ ಅಂತ ಅದರಲ್ಲೇ ಇದೆ. ಉತ್ತರ ಕೊಡಲು ಕೊನೆಯ ದಿನಾಂಕವೂ ಇದೆ. ‘ಪೂರ್ತಿ ಆಗುವುದಿಲ್ಲ’ ಅಂದರೆ ತಕ್ಷಣ ‘ಯಾವ ಭಾಗ ಆಗುತ್ತದೆ?’ ಅಂತ ಕೇಳಿ. ಅರ್ಧ ಒಪ್ಪಿದರೂ ಉಳಿದರ್ಧಕ್ಕೆ ಇನ್ನೊಂದು ಬಾಗಿಲು ತಟ್ಟಬಹುದು. ಕೇಂದ್ರವೇ ಸ್ವಲ್ಪ ಹಾಕಿದೆ ಅಂದಾಗ ಹೊರಗಿನ ದಾನಿಗೂ ನಂಬಿಕೆ ಬರುತ್ತದೆ.

ಸಹಿ ಹಾಕುವ ಮೊದಲು

ಹಣ ಕೊಟ್ಟವರು ‘ಇಷ್ಟು ದಿನ ಇಲ್ಲೇ ಕೆಲಸ ಮಾಡಬೇಕು’ ಅಂತ ಬಾಂಡ್ ಕೇಳಬಹುದು. ಅದು ಅನ್ಯಾಯವಲ್ಲ, ಆದರೆ ಅವಧಿ ಕೊಟ್ಟ ಹಣಕ್ಕೆ ತಕ್ಕಂತೆ ಇರಬೇಕು. ಆರು ದಿನದ ತರಬೇತಿಗೆ ಮೂರು ವರ್ಷ ಕಟ್ಟಿಹಾಕುವುದು ಜಾಸ್ತಿಯಾಯಿತು. ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು? ಅರ್ಧ ಅವಧಿ ಮುಗಿಸಿದವರು ಅರ್ಧ ಮಾತ್ರ ಕೊಟ್ಟರೆ ಸಾಕು ಅಂತ ಬರೆಸಿ. ಹೆರಿಗೆ, ಕಾಯಿಲೆ, ಕೇಂದ್ರವೇ ಮುಚ್ಚಿದರೆ ಏನು ಅನ್ನುವುದನ್ನೂ ಬರೆಸಿ.

‘ಮೊದಲು ನೀವು ಕಟ್ಟಿ, ಪಾಸಾದ ಮೇಲೆ ಕೊಡುತ್ತೇವೆ’ ಎಂಬ ಷರತ್ತನ್ನು ಕಣ್ಣಿಟ್ಟು ನೋಡಿ. ಕೈಯಲ್ಲಿ ಹಣ ಇಲ್ಲದವರಿಗೆ ಆ ಯೋಜನೆ ಇದ್ದೂ ಇಲ್ಲದಂತೆ. ನೇರವಾಗಿ ತರಬೇತಿ ಸಂಸ್ಥೆಗೆ ಕಟ್ಟಲು ಆಗುತ್ತದೆಯೇ, ಕಂತಿನಲ್ಲಿ ಕೊಡಬಹುದೇ ಎಂದು ಕೇಳಿ. ಎಲ್ಲ ರಸೀದಿಗಳನ್ನೂ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಬಸ್ ಟಿಕೆಟ್‌ನ ಅಕ್ಷರ ಎರಡು ತಿಂಗಳಲ್ಲಿ ಮಾಸಿಹೋಗುತ್ತದೆ.

ಕೇಂದ್ರ ನಡೆಸುವವರಿಗೆ ಎರಡು ಮಾತು

‘ಖರ್ಚು ಮಾಡಿ ಕಲಿಸಿದರೆ ಬಿಟ್ಟುಹೋಗುತ್ತಾರೆ’ ಎಂಬ ಹೆದರಿಕೆ ನನಗೂ ಇತ್ತು. ಹೋದವರೂ ಇದ್ದಾರೆ. ಅವರು ಹೋದದ್ದು ಕಲಿತ ಮೇಲೂ ಸಂಬಳ ಅಷ್ಟೇ ಇತ್ತು ಅಂತ. ಆದ್ದರಿಂದ ತರಬೇತಿಯ ಹಣ ಬರೆಯುವ ಸಾಲಿನ ಕೆಳಗೇ ಸಂಬಳ ಏರಿಕೆಯ ಸಾಲನ್ನೂ ಬರೆಯಿರಿ. ಚಿಕ್ಕದಾದರೂ ಸರಿ, ಮೊದಲೇ ಹೇಳಿದ್ದಾಗಿರಬೇಕು. ಒಬ್ಬ ಟೀಚರ್ ಹೋದಾಗ ಹೊಸಬರನ್ನು ಹುಡುಕುವ ಖರ್ಚು, ಅವರಿಗೆ ಕಲಿಸುವ ಸಮಯ, ಮಕ್ಕಳು ಮತ್ತೆ ಹೊಂದಿಕೊಳ್ಳುವ ವಾರಗಳು, ಇವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ.

ವರ್ಷದ ಕ್ಯಾಲೆಂಡರ್‌ನಲ್ಲಿ ಎರಡು ಮೂರು ದಿನ ‘ಟೀಚರ್ ಕಲಿಕೆಯ ದಿನ’ ಅಂತ ಮೊದಲೇ ಗುರುತು ಮಾಡಿ. ದಾಖಲಾತಿಯ ದಿನವೇ ಪೋಷಕರಿಗೆ ಹೇಳಿಬಿಟ್ಟರೆ ಅವರೂ ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಹಿಂದಿನ ದಿನ ಹೇಳಿದರೆ ಕೋಪ ಬರುವುದು ಸಹಜ. ಆಯಾಗಳನ್ನೂ ತರಬೇತಿಗೆ ಸೇರಿಸಿ. ಊಟ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಮಗುವಿನ ಜೊತೆ ಹೆಚ್ಚು ಮಾತಾಡುವವರು ಅವರೇ.

ಸರ್ಕಾರದ ಜೊತೆ ಮಾತಾಡುವ ಅವಕಾಶ ಸಿಕ್ಕರೆ ಒಂದು ಅಂಕಿ ನೆನಪಿಡಿ. 2022ರ ನವೆಂಬರ್‌ನಲ್ಲಿ ಯುನೆಸ್ಕೊ ತಾಷ್ಕೆಂಟ್‌ನಲ್ಲಿ ನಡೆಸಿದ ವಿಶ್ವ ಸಮ್ಮೇಳನದ ಘೋಷಣೆ, ಒಟ್ಟು ಶಿಕ್ಷಣ ವೆಚ್ಚದಲ್ಲಿ ಕನಿಷ್ಠ ಶೇ. 10ರಷ್ಟು ಪೂರ್ವ ಪ್ರಾಥಮಿಕ ಶಿಕ್ಷಣಕ್ಕೆ ಸಿಗಬೇಕು ಎಂದಿದೆ. ನಿಮ್ಮ ಸರ್ಕಾರದ ಬಜೆಟ್‌ನಲ್ಲಿ ಅದು ಎಷ್ಟಿದೆ, ಅದರಲ್ಲಿ ಟೀಚರ್ ತರಬೇತಿಗೆ ಎಷ್ಟು ಹೋಗುತ್ತದೆ ಅಂತ ಕೇಳುವುದು ನಮ್ಮ ಹಕ್ಕು.

ಬಂದ ಮೇಲೆ

ಅದೇ ನೋಟ್‌ಬುಕ್ ಮತ್ತೆ ತೆಗೆಯಿರಿ. ಅದೇ ಹೊತ್ತನ್ನು, ಅದೇ ಮಕ್ಕಳನ್ನು ಮತ್ತೆ ಎರಡು ವಾರ ಗಮನಿಸಿ. 20 ನಿಮಿಷದ ಗಲಾಟೆ 10ಕ್ಕೆ ಇಳಿದಿದ್ದರೆ ಹಾಗೇ ಬರೆಯಿರಿ. ಇಳಿಯದಿದ್ದರೆ ಅದನ್ನೂ ಬರೆಯಿರಿ, ಯಾಕೆ ಅಂತ ತರಬೇತಿ ಕೊಟ್ಟವರನ್ನು ಕೇಳಿ. ಮಕ್ಕಳ ಹೆಸರು ಹಾಕಬೇಡಿ, ಪೋಷಕರು ಒಪ್ಪದೆ ಫೋಟೊವನ್ನೂ ಕಳಿಸಬೇಡಿ. ಒಂದು ಪುಟದ ಈ ವರದಿಯನ್ನು ಖರ್ಚಿನ ಹಾಳೆ ಮತ್ತು ರಸೀದಿಗಳ ಜೊತೆ ಹಣ ಕೊಟ್ಟ ಎಲ್ಲರಿಗೂ ಒಂದು ತಿಂಗಳ ಒಳಗೆ ಕಳಿಸಿ, ಅವರು ಕೇಳದಿದ್ದರೂ ಸರಿ. ಹಣ ಉಳಿದಿದ್ದರೆ ಎಷ್ಟು ಉಳಿಯಿತು ಅಂತ ತಿಳಿಸಿ, ತರಗತಿಗೆ ಇನ್ನೊಂದು ಸಲ ಕೋಚ್ ಅವರನ್ನು ಕರೆಸಲು ಅದನ್ನು ಬಳಸಬಹುದೇ ಅಂತ ಅದೇ ಪತ್ರದಲ್ಲಿ ಕೇಳಿಬಿಡಿ.